ದನದ ಕೊಟ್ಟಿಗೆಯಿಂದ ನೇರ ಪ್ರಸಾರ

ಕಪ್ಪು ಪರದೆ ನೋಡುತ್ತ ಕೂಡುವ ವಿದ್ಯೆಯಲ್ಲಿ ಇಡೀ ಕಲಬುರಗಿಯಲ್ಲಿ ನನ್ನನ್ನು ಮೀರಿಸುವವರು ಇರಲಿಕ್ಕಿಲ್ಲ. ಈ ಬೇಸಿಗೆಯ ಬಹುಭಾಗ ನಾನು ಅದನ್ನೇ ಮಾಡಿದ್ದೇನೆ. ಕಪ್ಪಿನಲ್ಲೂ ತರತರ ಇರುತ್ತದೆಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಕರೆಂಟು ಹೋದ ಕಪ್ಪು ಬೇರೆ, ನೆಟ್‌ವರ್ಕ್ ಹೋದ ಕಪ್ಪು ಬೇರೆ. ಮೊದಲನೆಯದರಲ್ಲಿ ಪರದೆ ತಟ್ಟನೆ ಸಾಯುತ್ತದೆ. ಎರಡನೆಯದರಲ್ಲಿ ಚಿತ್ರ ಮೊದಲು ಚೌಕಚೌಕವಾಗಿ ಒಡೆದು, ಆಮೇಲೆ ನಡುವೆ ಒಂದು ಸಣ್ಣ ಉಂಗುರ ತಿರುಗತೊಡಗುತ್ತದೆ. ಆ ಉಂಗುರವನ್ನು ಕಂಡುಹಿಡಿದ ಮಹಾನುಭಾವ ಯಾರೋ, ಅವನು ಒಂದು ಸಲ ನನ್ನ ಕೈಗೆ ಸಿಗಬೇಕು. ಏನೋ ನಡೆಯುತ್ತಿದೆ ಎಂಬ ಆಸೆ ಹುಟ್ಟಿಸಿ ಏನನ್ನೂ ನಡೆಸದೆ ಕೂಡಿಸುವುದರಲ್ಲಿ ಅದು ಕಚೇರಿಗಳಲ್ಲಿ ಕೇಳುವ “ಕೂಡ್ರಿ, ಸಾಹೇಬ್ರು ಬರ್ತಾರ” ಎಂಬ ಮಾತಿಗೆ ಸಮ.

ನಾನು ನೋಡಬೇಕಾಗಿದ್ದದ್ದು ಒಂದು ಆಕಳನ್ನು. ಕಮಲಾಪುರದಲ್ಲಿರುವ ನನ್ನ ಹೆಂಡತಿ ಜಗದೇವಿಯ ತವರುಮನೆಯ ಕೊಟ್ಟಿಗೆಯಲ್ಲಿ ಚಂದ್ರಿ ಎಂಬ ದೇವಣಿ ಆಕಳಿದೆ. ಬಿಳಿ ಮೈ, ಕರಿ ಮಚ್ಚೆ, ಜೋಲುಕಿವಿ, ಮತ್ತು ನಮ್ಮ ಪ್ರಾಂಶುಪಾಲರಿಗೂ ಇಲ್ಲದ ಗತ್ತು. ಹೋದ ಸಲ ಅದು ಈಯುವಾಗ ಮಟಮಟ ಮಧ್ಯಾಹ್ನ, ಮನೆಯಲ್ಲಿ ಯಾರೂ ಇರಲಿಲ್ಲ. ಜಗದೇವಿಯ ತಮ್ಮ ಶರಣು ಹೆದ್ದಾರಿಯ ಮೇಲಿನ ತನ್ನ ಗೊಬ್ಬರದಂಗಡಿಯಲ್ಲಿದ್ದ, ಅವನ ಹೆಂಡತಿ ತನ್ನ ಅಂಗನವಾಡಿಯಲ್ಲಿದ್ದಳು, ನನ್ನ ಅತ್ತೆ ಕಸ್ತೂರಬಾಯಿ ತೋಟಕ್ಕೆ ನೀರು ತಿರುವಲು ಹೋಗಿದ್ದರು. ಕೆಂಪು ಬಾಳೆ ಬೆಳೆಯುವವರಿಗೆ ತೋಟವೂ ಒಂದು ಕೂಸೇ, ಅದನ್ನು ಬಿಟ್ಟಿರುವಂತಿಲ್ಲ. ಅವರು ಮರಳಿ ಬರುವ ಹೊತ್ತಿಗೆ ಕರು ಅರ್ಧಕ್ಕೆ ಸಿಕ್ಕಿಕೊಂಡು ಉಸಿರುಗಟ್ಟಿ ಸತ್ತಿತ್ತು. ಚಂದ್ರಿ ಉಳಿದದ್ದೇ ಪುಣ್ಯ. ದನದ ಡಾಕ್ಟರು ಅವತ್ತೇ ಹೇಳಿಬಿಟ್ಟರು: “ಮುಂದಿನ ಸಲಾನೂ ಹಿಂಗೇ ಆಗಬಹುದು. ಟೈಮಿಗೆ ನನಗ ಫೋನ್ ಬರಬೇಕು. ತಡ ಆದ್ರ ಆಕಳೂ ಉಳಿಯಂಗಿಲ್ಲ.”

ಅತ್ತೆ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡರು. ಚಂದ್ರಿ ಅವರಿಗೆ ಬರೀ ಆಕಳಲ್ಲ. ನಮ್ಮ ಮಾವ ತೀರಿಕೊಂಡ ವರ್ಷ ಹುಟ್ಟಿದ ಕರು ಅದು, ತಾಯಿ ಒದ್ದು ದೂರ ಮಾಡಿದಾಗ ಇವರೇ ಕೈಯಾರೆ ಹಾಲು ಕುಡಿಸಿ ಬೆಳೆಸಿದ್ದು. ಈ ಸಲ ಅದು ಮತ್ತೆ ಗಬ್ಬಾದಾಗಿನಿಂದ ಅವರಿಗೆ ಸಂತೋಷಕ್ಕಿಂತ ಅಂಜಿಕೆಯೇ ಹೆಚ್ಚು. ತೋಟಕ್ಕೆ ಹೋದರೆ ಜೀವ ಕೊಟ್ಟಿಗೆಯಲ್ಲಿ, ಕೊಟ್ಟಿಗೆಯಲ್ಲಿ ಕೂತರೆ ಜೀವ ತೋಟದಲ್ಲಿ. “ಹಗಲೊತ್ತು ಯಾರರೆ ಒಬ್ರು ಅದರ ಮ್ಯಾಲ ಕಣ್ಣಿಟ್ರ ಸಾಕಾಗಿತ್ತವ್ವಾ” ಎಂದು ಶರಣುವಿನ ಫೋನಿನಲ್ಲಿ ಮಗಳ ಮುಂದೆ ಅತ್ತರಂತೆ, ಅವರಿಗೆ ತಮ್ಮದೇ ಫೋನಿಲ್ಲ. ಮಗಳು ಬಂದು ಅದನ್ನು ನನಗೆ ಹೇಳಿದಳು. ಇಲ್ಲಿಗೆ ನನ್ನ ಪ್ರವೇಶ.

ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವನು. ನಮ್ಮಂಥವರ ಒಂದು ರೋಗವೆಂದರೆ, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಯಾವುದನ್ನೂ ನಾವು ಕೊಳ್ಳಲಾರೆವು. ಅದನ್ನು ನಾವೇ ಕಟ್ಟಬೇಕು, ಕಟ್ಟಿ ಕೆಡಿಸಬೇಕು, ಕೆಟ್ಟದ್ದನ್ನು ರಿಪೇರಿ ಮಾಡಬೇಕು, ಆಮೇಲೆ ಬಂದವರ ಮುಂದೆಲ್ಲ ಅದರ ಹಿರಿಮೆ ಹೇಳಬೇಕು. ಶರಣು ಮೊದಲ ದಿನವೇ ಬುದ್ಧಿ ಹೇಳಿದ್ದ: “ಮಾಮಾ, ಬಜಾರದಾಗ ರೆಡಿಮೇಡ್ ಕ್ಯಾಮೆರಾ ಸಿಗ್ತಾವಲ್ರೀ. ಡಬ್ಬಿ ಬಿಚ್ಚಿ ಗ್ವಾಡಿಗೆ ಹೊಡದ್ರ ಮುಗೀತು.” ನಾನು ಅವನಿಗೆ ದೊಡ್ಡ ಪಾಠ ಮಾಡಿದೆ. ಸಿದ್ಧ ಕ್ಯಾಮೆರಾದಲ್ಲಿ ನಮ್ಮ ಮನೆಯ ಚಿತ್ರ ಯಾವ ದೇಶಕ್ಕೆ ಹೋಗುತ್ತದೋ, ಯಾರ್ಯಾರ ಕೈಗೆ ಸಿಗುತ್ತದೋ, ನಮ್ಮ ಆಕಳ ಖಾಸಗಿ ಬದುಕಿನ ಗತಿಯೇನು ಎಂದೆಲ್ಲ. ಆಕಳಿನ ಖಾಸಗಿ ಬದುಕಿನ ಬಗ್ಗೆ ನಾನಷ್ಟು ಕಳಕಳಿಯಿಂದ ಮಾತಾಡಿದ್ದನ್ನು ನೀವು ದಯವಿಟ್ಟು ನೆನಪಿಟ್ಟುಕೊಳ್ಳಬೇಡಿ. ಶರಣು ಅಂಗಡಿ ತೆರೆಯುವ ಹೊತ್ತಾಯಿತೆಂದು ಎದ್ದು ಹೋದ.

ನನ್ನ ಹತ್ತಿರ ಒಂದು ಪುಟ್ಟ ಕಂಪ್ಯೂಟರ್ ಇತ್ತು. ಎಲ್ಲವನ್ನೂ ಒಂದೇ ಹಸಿರು ಬೋರ್ಡಿನ ಮೇಲೆ ಕೂಡಿಸಿಟ್ಟದ್ದು, ಎಲೆಯಡಿಕೆ ಡಬ್ಬಿಯಲ್ಲಿ ಹಿಡಿಯುವಷ್ಟು ಸಣ್ಣದು. ಅದಕ್ಕೆ ಉಗುರಿನಷ್ಟು ಒಂದು ಕ್ಯಾಮೆರಾ. ಇವೆರಡನ್ನೂ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಕ್ಯಾಮೆರಾದ ಕಣ್ಣಿಗೆ ಮಾತ್ರ ತೂತು ಕೊರೆದು, ಜಗದೇವಿಯನ್ನೂ ಕರೆದುಕೊಂಡು ಕಮಲಾಪುರಕ್ಕೆ ಒಯ್ದೆ. ಕೊಟ್ಟಿಗೆಯ ಕಂಬಕ್ಕೆ ಎದೆಮಟ್ಟದಲ್ಲಿ ಅದನ್ನು ಬಿಗಿದು, ಸಿಮ್ ಹಾಕಿದ ರೂಟರನ್ನು ಪಡಸಾಲೆಯ ಮಾಡದಲ್ಲಿ ದೀಪದ ಪಕ್ಕಕ್ಕೆ ಇಟ್ಟೆ. ನಾನು ತಂತಿ ಎಳೆಯುತ್ತಿದ್ದಷ್ಟು ಹೊತ್ತೂ ಅತ್ತೆ ಬಾಗಿಲ ಹಿಂದೆ ನಿಂತಿದ್ದರು.

ಈ ಬಾಗಿಲ ಹಿಂದೆ ನಿಲ್ಲುವುದರ ಬಗ್ಗೆ ಹೇಳಬೇಕು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅತ್ತೆಯಾದವಳು ಅಳಿಯನ ಎದುರಿಗೆ ಬರುವುದಿಲ್ಲ, ನೇರ ಮಾತಾಡುವುದಿಲ್ಲ. ಇದು ಜಗಳವಲ್ಲ, ಮರ್ಯಾದೆ. ಈಗಿನವರು ಇದನ್ನೆಲ್ಲ ಬಿಟ್ಟಿದ್ದಾರೆ, ನಮ್ಮ ಅತ್ತೆ ಬಿಟ್ಟಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದರೂ ಅವರ ಮುಖವನ್ನು ನಾನು ನೆಟ್ಟಗೆ ನೋಡಿದ್ದು ಫೋಟೋದಲ್ಲಿ ಮಾತ್ರ. ಹೋದಾಗಲೆಲ್ಲ ತಲೆತುಂಬ ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಂತು, “ಊಟಕ್ಕ ಏಳಬೇಕಂತ ಹೇಳವ್ವಾ” ಎಂದು ಮಗಳಿಗೆ ಹೇಳುತ್ತಾರೆ. ನಾನೂ, “ಇನ್ನೂ ಹಸಿವಾಗಿಲ್ಲಂತ ಹೇಳು” ಅನ್ನುತ್ತೇನೆ. ಇಬ್ಬರಿಗೂ ಎಲ್ಲವೂ ಕೇಳಿಸಿರುತ್ತದೆ. ಆದರೂ ಜಗದೇವಿ ಎರಡೂ ಕಡೆಗೆ ಇನ್ನೊಮ್ಮೆ ಹೇಳುತ್ತಾಳೆ. ನೆಟ್‌ವರ್ಕಿನ ಪಾಠದಲ್ಲಿ ನಡುವಿನ ಸರ್ವರ್ ಎಂದರೇನೆಂದು ಹುಡುಗರಿಗೆ ತಿಳಿಯದಿದ್ದಾಗ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ. ಕೂಡಲೇ ತಿಳಿಯುತ್ತದೆ.

ಅವತ್ತು ನಾನು ಡಬ್ಬಿ ಬಿಗಿದು ಕೆಳಗೆ ಕೂತಾಗ ಬಾಗಿಲ ಹಿಂದಿನಿಂದ ಪ್ರಶ್ನೆ ಬಂತು: “ಅದರಾಗ ಯಾರು ನೋಡ್ತಾರಂತ ಕೇಳವ್ವಾ.”

“ನಾನೇ ನೋಡ್ತೀನಂತ ಹೇಳು” ಎಂದೆ ಹೆಮ್ಮೆಯಿಂದ. “ಕಾಲೇಜಿಗೆ ರಜಾ ಅದ. ಮುಂಜಾನಿಂದ ಸಂಜೀತನಕ ಮೊಬೈಲ್ ಮುಂದಿಟ್ಕೊಂಡು ಕುಂತಿರ್ತೀನಿ. ಚಿಂತಿ ಮಾಡಬ್ಯಾಡ್ರಿ ಅಂತ ಹೇಳು.”

ಬಾಗಿಲ ಹಿಂದೆ ಮೌನ. ಅದನ್ನು ನಾನು ಒಪ್ಪಿಗೆ, ಸಮಾಧಾನ, ಅಳಿಯನ ವಿದ್ಯೆಯ ಬಗ್ಗೆ ಮೆಚ್ಚುಗೆ ಎಂದೆಲ್ಲ ಅರ್ಥ ಮಾಡಿಕೊಂಡು ಕಲಬುರಗಿಯ ಬಸ್ಸು ಹತ್ತಿದೆ.

ಕಲಬುರಗಿಯ ಕೋಟನೂರು ಬಡಾವಣೆಯ ನಮ್ಮ ಮನೆಯಲ್ಲಿ ಕೂತು ಮೊದಲ ಸಲ ಚಂದ್ರಿಯನ್ನು ಪರದೆಯ ಮೇಲೆ ಕಂಡಾಗ ಆದ ಸಂತೋಷವನ್ನು ಏನೆಂದು ಹೇಳಲಿ. ಬಾಲದಿಂದ ನೊಣ ಹೊಡೆದುಕೊಂಡಿತು. ನಾನು ಜಗದೇವಿಯನ್ನು ಕರೆದು, “ನೋಡು, ನೇರ ಪ್ರಸಾರ” ಎಂದೆ. ನಿಜ ಹೇಳಬೇಕೆಂದರೆ ಅದು ಅಷ್ಟು ನೇರವೂ ಅಲ್ಲ. ಬಸ್ಸು ಕಮಲಾಪುರದಿಂದ ಹೊರಟು ಸೀದಾ ಇಲ್ಲಿಗೆ ಬರುತ್ತದೆ. ಚಿತ್ರಕ್ಕೆ ಅಂಥ ಶಿಸ್ತಿಲ್ಲ. ಅದು ಬೋರ್ಡಿನಿಂದ ರೂಟರಿಗೆ, ರೂಟರಿನಿಂದ ಟವರಿಗೆ, ಅಲ್ಲಿಂದ ಯಾವ ಸಮುದ್ರದ ಆಚೆಯ ಯಂತ್ರಕ್ಕೋ ಹೋಗಿ, ಅಲ್ಲಿ ದಣಿವಾರಿಸಿಕೊಂಡು ನನ್ನ ಮೊಬೈಲಿಗೆ ಬರುತ್ತದೆ. ಹಾಗಾಗಿ ಚಂದ್ರಿ ಬಾಲ ಬೀಸಿ ಮುಗಿಸಿದ ಮೇಲೆ ನನಗೆ ಬಾಲ ಬೀಸುವುದು ಕಾಣುತ್ತದೆ. ಹಾಗೆ ನೋಡಿದರೆ ನಾವು ಕಣ್ಣಾರೆ ನೋಡುವ ನಕ್ಷತ್ರವೂ ಎಂದೋ ಹೊರಟ ಬೆಳಕೇ, ಅದನ್ನು ಯಾರೂ ತಡವಾಯಿತೆಂದು ಬೈಯುವುದಿಲ್ಲ. ಜಗದೇವಿಗೂ ಇದನ್ನೆಲ್ಲ ವಿವರಿಸಿದೆ. ಆಕೆ, “ಚಂದ್ರಿ ಮುಂದ ನೀರಿಲ್ಲ, ಶರಣೂಗ ಫೋನ್ ಹಚ್ಚಿ ಹೇಳ್ರಿ” ಎಂದಳು.

ಮರುದಿನದಿಂದ ಶುರುವಾಯಿತು ನನ್ನ ಪಜೀತಿ.

ಮುಂಜಾನೆ ಚಿತ್ರ ಚೆನ್ನಾಗಿ ಬರುತ್ತಿತ್ತು, ತಟ್ಟನೆ ಕಪ್ಪಾಗುತ್ತಿತ್ತು. ಆಮೇಲೆ ತಾನಾಗಿ ಬರುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಮತ್ತೆ ಕಪ್ಪು, ಬಿಸಿಲು ಇಳಿಯುವತನಕ ಕಪ್ಪೇ. ಸಂಜೆ ಇನ್ನೊಂದು ಸುತ್ತು. ಒಮ್ಮೊಮ್ಮೆ ಕಪ್ಪಾದದ್ದು ಮರುದಿನದವರೆಗೂ ಬರುತ್ತಿರಲಿಲ್ಲ. ಶರಣುವಿಗೆ ಫೋನ್ ಮಾಡಿದರೆ, “ಕರೆಂಟ್ ಅದ ರೀ ಮಾಮಾ, ಫ್ಯಾನ್ ತಿರಗಾಕತ್ತದ” ಅನ್ನುತ್ತಿದ್ದ. ಕರೆಂಟಿದ್ದೂ ಬೋರ್ಡು ಸತ್ತರೆ ಅಡಾಪ್ಟರಿನ ದೋಷ, ಇದರಲ್ಲಿ ಅನುಮಾನವಿಲ್ಲ ಎಂದು ನಾನು ಊರೊಳಗಿನ ಮೋಮಿನಪುರಕ್ಕೆ ಹೋದೆ.

ಅಲ್ಲಿ ಒಂದು ಗಲ್ಲಿಯಲ್ಲಿ ರಫೀಕ್ ಭಾಯಿ ಎಂಬುವನ ಅಂಗಡಿಯಿದೆ. ತಂತಿ, ಅಡಾಪ್ಟರು, ಫ್ಯಾನು, ಕಾರ್ಡು ಎಲ್ಲ ಸಿಗುತ್ತವೆ. ಅವನ ದೊಡ್ಡ ಗುಣವೆಂದರೆ ಗಿರಾಕಿಯ ಮಾತನ್ನು ಎಂದೂ ಅಲ್ಲಗಳೆಯುವುದಿಲ್ಲ. “ಹೌದ್ ಸಾಬ್, ಅಡಾಪ್ಟರಿಂದೇ ಪ್ರಾಬ್ಲಂ” ಎಂದು ಒಂದು ಕೊಟ್ಟ. ಅದನ್ನು ಕಮಲಾಪುರಕ್ಕೆ ಒಯ್ದು ಹಚ್ಚಿದೆ. ನಾನಿದ್ದಷ್ಟು ಹೊತ್ತು ಬೋರ್ಡು ಕಮಕ್ ಕಿಮಕ್ ಅನ್ನಲಿಲ್ಲ. ಮನೆಗೆ ಬಂದು ಕಾಲು ತೊಳೆದುಕೊಂಡು ನೋಡಿದರೆ ಕಪ್ಪು. ಹಾಗಾದರೆ ಇದು ನಮ್ಮ ಬಿಸಿಲಿನದೇ ಕೆಲಸ, ಬೋರ್ಡು ಕಾದು ನಿಲ್ಲುತ್ತಿದೆ ಎಂದು ಮತ್ತೆ ರಫೀಕನ ಹತ್ತಿರ ಹೋದೆ. “ಹೌದ್ ಸಾಬ್, ಗರ್ಮೀದೇ ಪ್ರಾಬ್ಲಂ. ಆದ್ಮಿನೇ ನಿಲ್ಲಂಗಿಲ್ಲ ಈ ಬಿಸಲಾಗ, ಬೋರ್ಡ್ ಹ್ಯಾಂಗ ನಿಲ್ತದ” ಎಂದು ಪುಟ್ಟ ಫ್ಯಾನು ಕೊಟ್ಟ. ಕಮಲಾಪುರ, ಫ್ಯಾನು, ಸುಸೂತ್ರ. ಮನೆ, ಕಪ್ಪು. ಬೋರ್ಡಿನ ಮೆಮೊರಿ ಕಾರ್ಡು ಕೆಟ್ಟಿರಬೇಕೆಂದೆ. “ಹೌದ್ ಸಾಬ್, ಕಾರ್ಡಿಂದೇ” ಎಂದ. ನಾನು ಹೇಳಿದ ಪ್ರತಿ ರೋಗಕ್ಕೂ ಅವನ ಕಪಾಟಿನಲ್ಲಿ ಮದ್ದಿತ್ತು. ಈ ಇಡೀ ಯೋಜನೆಯಿಂದ ಸುಖವಾಗಿದ್ದವನು ಅವನೊಬ್ಬನೇ.

ನನ್ನ ತಲೆ ಕೆಟ್ಟು ಮೊಸರಾಯಿತು. ನಾನಿದ್ದಾಗ ಕೆಡದೆ ನಾನು ಬೆನ್ನು ತಿರುಗಿಸಿದ ಕೂಡಲೇ ಕೆಡುವ ಯಂತ್ರದ ಬಗ್ಗೆ ಯಾವ ಪಠ್ಯಪುಸ್ತಕದಲ್ಲೂ ಬರೆದಿಲ್ಲ. ವಿದ್ಯಾರ್ಥಿಗಳ ಬಗ್ಗೆ ಆ ಮಾತು ನಿಜ, ಬೋರ್ಡಿನ ಬಗ್ಗೆ ಕೇಳಿರಲಿಲ್ಲ. ಊಟ ಸೇರದಾಯಿತು. ಜಗದೇವಿ ಏನಾದರೂ ಕೇಳಿದರೆ ಸಿಡುಕುತ್ತಿದ್ದೆ. ಅದರ ಮೇಲೆ ಡಾಕ್ಟರು ಬಂದು ನೋಡಿ, ಚಂದ್ರಿಯ ದಿನ ಹತ್ತಿರ ಬಂತು, ಯಾವಾಗ ಬೇಕಾದರೂ ಈಯಬಹುದು ಎಂದು ಹೇಳಿ ಹೋದರು. ನನಗೆ ಒಳಗೊಳಗೇ ಭಯ. ಕಣ್ಣಿಡುತ್ತೇನೆಂದು ಮಾತು ಕೊಟ್ಟವನು ನಾನು. ನನ್ನ ಭರವಸೆಯ ಮೇಲೆ ಅತ್ತೆ ತೋಟಕ್ಕೆ ಹೋಗಿ, ಆ ಹೊತ್ತಿಗೇ ಪರದೆ ಕಪ್ಪಾಗಿ, ಹೋದ ಸಲದಂತೆಯೇ ಆದರೆ ಆ ಮನೆಯ ಬಾಗಿಲನ್ನು ನಾನು ಯಾವ ಮುಖ ಇಟ್ಟುಕೊಂಡು ತುಳಿಯಲಿ.

ಕೊನೆಗೆ ಬರುವ ಚಿತ್ರವನ್ನೆಲ್ಲ ಮೊಬೈಲಿನಲ್ಲಿ ಉಳಿಸಿಟ್ಟುಕೊಂಡು, ಸಾಯುವ ಮುಂಚಿನ ಗಳಿಗೆಯನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಚಂದ್ರಿ, ಗೋಡೆ, ಹುಲ್ಲು. ಆಮೇಲೆ ಪರದೆಯ ಅಂಚಿನಲ್ಲಿ ಒಂದು ಕೈ. ಹಚ್ಚೆ ಹೊಯ್ಸಿದ ಕೈ ಪ್ಲಗ್ಗಿನ ಕಡೆ ಚಾಚಿತ್ತು. ಮುಂದೆ ಕಪ್ಪು.

“ಯಾರದಿದು ಕೈ?” ಎಂದು ಜಗದೇವಿಗೆ ತೋರಿಸಿದೆ. ಕಳ್ಳ ಸಿಕ್ಕ ಸಂಭ್ರಮದಲ್ಲಿ ಮೊಬೈಲನ್ನು ಆಕೆಯ ಮೂಗಿನ ಹತ್ತಿರಕ್ಕೇ ಹಿಡಿದಿದ್ದೆ.

ಆಕೆ ರೊಟ್ಟಿ ತಟ್ಟುತ್ತಲೇ ಓರೆಗಣ್ಣಿಂದ ನೋಡಿ, “ಅವ್ವಂದು” ಎಂದಳು.

“ಅತ್ತೀದಾ? ನಿನಗ ಗೊತ್ತಿತ್ತೇನು?”

“ಗೊತ್ತಿರದ ಏನು. ಮುಂಜಾನಿಂದ ಸಂಜೀತನಕ ನಾನೇ ನೋಡ್ತೀನಂತ ನೀವೇ ಹೇಳಿ ಬಂದೀರಿ. ಸೀರಿ ಮ್ಯಾಲ ಸಿಗಿಸಿ ಸಗಣಿ ಬಳೀಬೇಕು, ಮಧ್ಯಾನ ತಂಪಂತ ಅಲ್ಲೇ ಹೊರಸಿನ ಮ್ಯಾಲ ಅಡ್ಡಾಗಬೇಕು. ತಲಿ ಮ್ಯಾಲ ಸೆರಗ ನಿಲ್ತದೇನು? ಅಳಿಯಂದ್ರು ಅಲ್ಲಿ ಕುಂತು ನೋಡ್ತಾರಂದ್ರ ಅವ್ವ ಏನ್ ಮಾಡಬೇಕು? ಕೊಟ್ಟಿಗಿಗೆ ಹೋಗೂ ಮುಂದ ತಗೀತಾಳ, ಹೊರಗ ಬಂದಾಗ ಹಚ್ತಾಳ. ಒಮ್ಮೊಮ್ಮೆ ಮರೀತಾಳ.”

“ಮತ್ತ ನನಗ್ಯಾಕ ಹೇಳಲಿಲ್ಲ?”

“ನೀವು ಅಡಾಪ್ಟರ್ ಸುದ್ದಿ ಮಾತಾಡಾಕತ್ತಿದ್ರಿ. ಅವ್ವನ ಸುದ್ದಿ ಎಲ್ಲಿ ಕೇಳಿದ್ರಿ?”

ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಸಿಟ್ಟು ಯಾರ ಮೇಲೆಂದು ತಿಳಿಯಲಿಲ್ಲ. ನಮ್ಮೂರಿನ ಹಳೆಯ ಗುಂಬಜ್‌ಗಳಲ್ಲಿ, ಮಹಲುಗಳಲ್ಲಿ ಕಲ್ಲಿನ ಜಾಲಂಧ್ರಗಳನ್ನು ನೀವು ನೋಡಿರುತ್ತೀರಿ. ಅಂಥ ಜಾಲಂಧ್ರದ ಹಿಂದೆ ನಿಂತವರಿಗೆ ಹೊರಗಿನದೆಲ್ಲ ಕಾಣುತ್ತದೆ, ಅವರು ಮಾತ್ರ ಯಾರಿಗೂ ಕಾಣುವುದಿಲ್ಲ. ಯಾರು ಯಾರನ್ನು ನೋಡಬಹುದು ಎಂಬುದನ್ನು ಯೋಚಿಸಿ ಆ ಕಾಲದ ಕಲ್ಲುಕುಟಿಗರು ಉಳಿ ಹಿಡಿದಿದ್ದರು. ನಾನು ಇಷ್ಟೆಲ್ಲ ಓದಿ, ಹಾಗೆ ಮರೆಯಲ್ಲಿ ಇರಬಯಸುವ ಹೆಣ್ಣುಮಗಳ ಎದುರಿಗೆ ಹಗಲಿಡೀ ರೆಪ್ಪೆ ಬಡಿಯದ ಒಂದು ಕಣ್ಣನ್ನು ತೂಗುಹಾಕಿ ಬಂದಿದ್ದೆ. ಆಕೆ ಮನೆ ಬಿಟ್ಟು ಓಡಿಹೋಗದೆ ಬರೀ ಪ್ಲಗ್ ಕಿತ್ತದ್ದು ದೊಡ್ಡ ಗುಣ.

ಆದರೂ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಜಗದೇವಿಯಿಂದ ಫೋನ್ ಮಾಡಿಸಿದೆ. ಹಾಗೆ ಪ್ಲಗ್ ಕಿತ್ತರೆ ಕಾರ್ಡು ಸಾಯುತ್ತದೆ, ಹೊಸ ಕಾರ್ಡು ತರಬೇಕಾದದ್ದೂ ಅದಕ್ಕೇ ಎಂದು ಹೇಳಿಸಿದೆ. ಆ ಕಡೆಯಿಂದ ಉತ್ತರ ಬಂತು: “ನಾ ಕೊಟ್ಟಿಗ್ಯಾಗ ಇದ್ದಾಗ ಅದಕೇನು ಕೆಲಸಂತ ಕೇಳವ್ವಾ. ಆಗ ನಾನೇ ನೋಡಾಕತ್ತಿರ್ತೀನಲ್ಲ.” ಬಹಳ ಚರ್ಚೆಯಾಗಿ ಒಂದು ರಾಜಿಗೆ ಬಂದೆವು. ಪ್ಲಗ್ ಮುಟ್ಟಬಾರದು. ಅದರ ಬದಲು ಕುಪ್ಪಸಕ್ಕೆ ತಂದ ಒಂದು ಖಣದ ತುಂಡನ್ನು ಡಬ್ಬಿಯ ಮೇಲೆ ಇಳಿಬಿಡುವುದು. ಅವರು ಕೊಟ್ಟಿಗೆಯಲ್ಲಿರುವಾಗ ಕ್ಯಾಮೆರಾದ ಮುಖ ಮುಚ್ಚಿರಬೇಕು, ಹೊರಗೆ ಹೋಗುವಾಗ ಸರಿಸಬೇಕು. ಇಷ್ಟು ವರ್ಷ ಅತ್ತೆ ಸೆರಗು ಹೊದ್ದಿದ್ದರು, ಈಗ ಆ ಕೆಲಸ ಕ್ಯಾಮೆರಾದ ಪಾಲಿಗೆ ಬಂತು. ಅಂದಿನಿಂದ ನಾನು ದಿನದ ಅರ್ಧ ಹೊತ್ತು ಚಂದ್ರಿಯನ್ನೂ ಇನ್ನರ್ಧ ಹೊತ್ತು ಖಣದ ನೇಯ್ಗೆಯನ್ನೂ ನೇರ ಪ್ರಸಾರದಲ್ಲಿ ನೋಡಿದೆ.

ಆ ದಿನವೂ ಮಧ್ಯಾಹ್ನ ಖಣವನ್ನೇ ನೋಡುತ್ತಿದ್ದೆ. ಜಗದೇವಿ ವರ್ಷದ ತೊಗರಿಬೇಳೆ ತರಲು ನೆರೆಮನೆಯಾಕೆಯ ಜೊತೆ ನೆಹರು ಗಂಜ್ ಮಾರುಕಟ್ಟೆಗೆ ಹೋಗಿದ್ದಳು. ಕೂಲರಿನ ಗಾಳಿಗೆ ನನಗೆ ಜೋಂಪು ಹತ್ತಿತ್ತು. ಇದ್ದಕ್ಕಿದ್ದಂತೆ ಖಣ ಸರಿಯಿತು. ಮೊದಲು ಒದ್ದೆಯಾದ ಒಂದು ಅಂಗೈ, ಆಮೇಲೆ ಬೆಳಕು, ಆಮೇಲೆ ಪರದೆಯ ತುಂಬ ಒಂದು ಮುಖ.

ತಲೆಯ ಮೇಲೆ ಸೆರಗಿರಲಿಲ್ಲ. ತುರುಬು ಬಿಚ್ಚಿ ಕೂದಲು ಹೆಗಲಿಗೆ ಬಂದಿತ್ತು, ಹಣೆಯ ಬೆವರು ಕಣ್ಣಿಗಿಳಿದಿತ್ತು. ಇಪ್ಪತ್ತು ವರ್ಷ ಬಾಗಿಲ ಹಿಂದಿದ್ದ ಕಸ್ತೂರಬಾಯಿ ನನ್ನನ್ನೇ ದಿಟ್ಟಿಸಿ ನೋಡುತ್ತ ಮಾತಾಡುತ್ತಿದ್ದರು. ಬಾಯಿ ಜೋರಾಗಿ ಆಡುತ್ತಿತ್ತು. ಒಂದು ಮಾತೂ ಕೇಳಿಸಲಿಲ್ಲ. ಆ ಉಗುರಿನಷ್ಟು ಕ್ಯಾಮೆರಾಕ್ಕೆ ಕಿವಿ ಇರುವುದಿಲ್ಲ, ಮೈಕು ಬೇಕಾದರೆ ಬೇರೆ ಹಚ್ಚಬೇಕು. ಆಕಳು ಹೇಳುವುದೇನಿರುತ್ತದೆ ಎಂದು ನಾನು ಹಚ್ಚಿರಲಿಲ್ಲ. ಜೀವಮಾನದಲ್ಲಿ ಒಮ್ಮೆ ಅತ್ತೆ ನನ್ನೊಡನೆ ನೇರ ಮಾತಾಡಿದರೆ ನಾನು ಇಲ್ಲಿ ಕಿವುಡನಾಗಿ ಕೂತಿದ್ದೆ. ಅವರು ಕೈ ಹಿಂದೆ ಚಾಚಿ ತೋರಿಸಿ ಪಕ್ಕಕ್ಕೆ ಸರಿದರು. ಚಂದ್ರಿ ಒಂದು ಮಗ್ಗುಲಾಗಿ ಬಿದ್ದಿತ್ತು. ಹಿಂದೆ ಎರಡು ಸಣ್ಣ ಗೊರಸು ಕಾಣುತ್ತಿದ್ದವು, ಅಷ್ಟಕ್ಕೇ ನಿಂತಿದ್ದವು.

ನಾನು ಮೊದಲು ಫೋನ್ ಹಚ್ಚಿದ್ದು ಯಾರಿಗೆ ಗೊತ್ತೇ? ಜಗದೇವಿಗೆ. ಆ ಮನೆಯಿಂದ ಏನೇ ಬಂದರೂ ಮೊದಲು ಆಕೆಗೆ ಮುಟ್ಟಿಸುವುದು ಅಷ್ಟು ರೂಢಿಯಾಗಿತ್ತು. ಆಕೆಯ ಫೋನು ನಮ್ಮ ಅಡುಗೆಮನೆಯಲ್ಲೇ ಚಾರ್ಜಿಗಿಟ್ಟಲ್ಲಿ ರಿಂಗಾಯಿತು. ಆಮೇಲೆ ಡಾಕ್ಟರಿಗೆ ಹಚ್ಚಿದೆ. ಪುಣ್ಯಕ್ಕೆ ಅವರು ಪಕ್ಕದ ಹಳ್ಳಿಯಲ್ಲಿದ್ದರು. “ಎಳೆದಾಡಬ್ಯಾಡ್ರಿ ಅಂತ ಹೇಳ್ರಿ, ಬಂದೆ” ಎಂದರು. ಆಮೇಲೆ ಶರಣುವಿಗೆ. ಅವನು ಅಂಗಡಿ ಹಾಗೇ ಬಿಟ್ಟು ಓಡಿದನೆಂದು ಕಾಣುತ್ತದೆ, ನಾನು ಪರದೆಗೆ ಮರಳುವಷ್ಟರಲ್ಲಿ ಅವನ ಬೆನ್ನು ಕಂಡಿತು. ಅತ್ತೆ ಚಂದ್ರಿಯ ಕತ್ತು ತಬ್ಬಿ ಕೂತಿದ್ದರು. ಕ್ಯಾಮೆರಾ ಮುಚ್ಚಬೇಕೆಂಬುದು ಅವರಿಗೆ ನೆನಪಿರಲಿಲ್ಲ.

ಡಾಕ್ಟರು ಬಂದರು. ಕೈಗವಸು ಹಾಕಿ ಒಳಗೆ ಕೈಯಿಟ್ಟು ಏನೋ ತಿರುವಿದರು. ಶರಣು ಹಗ್ಗ ಹಿಡಿದ. ಎಷ್ಟು ಹೊತ್ತು ಎಳೆದರೋ ನನಗೆ ತಿಳಿಯದು, ನಾನೂ ಇಲ್ಲಿ ಕುರ್ಚಿಯ ಕೈ ಹಿಡಿದು ಎಳೆಯುತ್ತಿದ್ದೆ. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಅಲುಗಾಡಲಿಲ್ಲ. ಡಾಕ್ಟರು ಅದರ ಮೂಗು ಒರೆಸಿ, ಹಿಂಗಾಲು ಹಿಡಿದು ತಲೆಕೆಳಗು ಎತ್ತಿದರು. ಅಷ್ಟರಲ್ಲಿ ಚಿತ್ರ ಚೌಕಚೌಕವಾಗಿ ಒಡೆಯಿತು, ನಡುವೆ ಆ ದರಿದ್ರ ಉಂಗುರ ತಿರುಗತೊಡಗಿತು.

ನಾನು ಏನೇನು ಬೈದೆನೆಂದು ಇಲ್ಲಿ ಬರೆಯುವಂತಿಲ್ಲ. ಬೋರ್ಡಿಗೆ ಬೈದೆ, ಟವರಿಗೆ ಬೈದೆ, ಸಮುದ್ರದ ಆಚೆಯ ಯಂತ್ರಕ್ಕೆ ಬೈದೆ, ರೆಡಿಮೇಡ್ ಕ್ಯಾಮೆರಾ ಕೊಳ್ಳದ ನನ್ನ ಪಾಂಡಿತ್ಯಕ್ಕಂತೂ ಬಾಯಿ ತುಂಬ ಬೈದೆ. ಶರಣುವಿಗೆ ಫೋನ್ ಹಚ್ಚಿದರೆ ಎತ್ತಲಿಲ್ಲ, ಹೇಗೆ ಎತ್ತಿಯಾನು. ಮೊಬೈಲನ್ನು ಕಿಟಕಿಗೆ ಒಯ್ದೆ, ಬಿಸಿಲಿಗೆ ಒಯ್ದೆ, ದೇವರ ಮುಂದೂ ಹಿಡಿದೆ. ಉಂಗುರ ತಿರುಗುತ್ತಲೇ ಇತ್ತು.

ಚಿತ್ರ ಮರಳಿ ಬಂದಾಗ ಡಾಕ್ಟರು ಬಕೀಟಿನಲ್ಲಿ ಕೈ ತೊಳೆಯುತ್ತಿದ್ದರು. ಅತ್ತೆ ನೆಲದ ಮೇಲೆ ಕೂತಿದ್ದರು, ಕರುವಿನ ತಲೆ ಅವರ ತೊಡೆಯ ಮೇಲಿತ್ತು. ಚಂದ್ರಿ ಕತ್ತು ತಿರುಗಿಸಿ ಅದನ್ನು ನೆಕ್ಕುತ್ತಿತ್ತು. ಆ ಎಳೆಯ ಕಿವಿ ಒಮ್ಮೆ ಅಲುಗಿತು. ಇನ್ನೊಮ್ಮೆ ಅಲುಗಿತು.

ಅದೇ ಹೊತ್ತಿಗೆ ಬೇಳೆಯ ಚೀಲ ಹೊತ್ತು ಒಳಗೆ ಬಂದ ಜಗದೇವಿ ನನ್ನ ಮುಖ ನೋಡಿ, “ಯಾಕ್ರೀ, ಮತ್ತ ಅಡಾಪ್ಟರ್ ಹೋಯ್ತೇನು?” ಎಂದಳು. ನಾನು ಅಳುತ್ತಿದ್ದೆ. ಮೊಬೈಲನ್ನು ಆಕೆಯ ಕೈಗೆ ಕೊಟ್ಟೆ. ಆಕೆ ಚೀಲ ಇಳಿಸುವುದನ್ನೂ ಮರೆತು ನಿಂತಲ್ಲೇ ನೋಡಿದಳು.

ಗಿಣ್ಣ ತಿನ್ನಲು ಬರಬೇಕೆಂದು ಕರೆ ಬಂತು, ಹೋದೆವು. ಹೋಗುವ ಮುಂಚೆ ಮೋಮಿನಪುರದಿಂದ ಒಂದು ಸಣ್ಣ ಮೈಕು ತಂದು ಚೀಲದಲ್ಲಿ ಹಾಕಿಕೊಂಡಿದ್ದೆ. “ಹೌದ್ ಸಾಬ್, ಮೈಕ್ ಇಲ್ಲದ್ದೇ ಪ್ರಾಬ್ಲಂ” ಎಂದಿದ್ದ ರಫೀಕ್. ಮೊದಲ ಸಲ ಅವನ ಮಾತು ಖರೆ ಅನ್ನಿಸಿತ್ತು. ಕಮಲಾಪುರದಲ್ಲಿ ಕರು ಕುಣಿಯುತ್ತಿತ್ತು, ಶರಣು ಬಂದವರಿಗೆಲ್ಲ ಮಾಮಾನ ಕ್ಯಾಮೆರಾದ ಕಥೆ ಹೇಳುತ್ತಿದ್ದ. ಅತ್ತೆ ಎಂದಿನಂತೆ ಬಾಗಿಲ ಹಿಂದೆ, ತಲೆತುಂಬ ಸೆರಗು. “ಇನ್ನಷ್ಟು ಗಿಣ್ಣ ಹಾಕ್ಕೋಬೇಕಂತ ಹೇಳವ್ವಾ.” ನಾನು, “ಸಾಕಂತ ಹೇಳು” ಎಂದೆ. ಅವತ್ತು ಪರದೆಯಲ್ಲಿ ಕಂಡ ಮುಖ ಈ ಸೆರಗಿನೊಳಗೇ ಇದೆ ಎಂದು ನಂಬುವುದೇ ಕಷ್ಟವಾಯಿತು. ಅಂದು ಏನು ಹೇಳಿದಿರಿ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು, ಆದರೆ ಅದನ್ನು ಜಗದೇವಿಯ ಮೂಲಕ ಕೇಳಿಸುವುದು ಯಾಕೋ ಸರಿ ಕಾಣಲಿಲ್ಲ.

ನಾನು ಮೈಕು ತೆಗೆದು ಕೊಟ್ಟಿಗೆಯ ಕಡೆ ಹೊರಟಾಗ ಜಗದೇವಿ ಹಿಂದೆಯೇ ಬಂದು ತಡೆದಳು.

“ಅದನ್ನ ಹಚ್ಚಬ್ಯಾಡ್ರಿ.”

“ಯಾಕ?”

“ಅವತ್ತ ಅವ್ವ ನಿಮಗ ಬೈದಾಳಂತ.”

“ನನಗಾ? ಏನಂತ?”

ಆಕೆ ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ, ತಾಯಿಯ ಧಾಟಿಯಲ್ಲೇ ಹೇಳಿದಳು: “‘ಹಗಲೆಲ್ಲ ಕಣ್ಣ ಬಿಟ್ಕೊಂಡು ಕುಂಡರ್ತಿ, ಈಗರೆ ನೋಡೋ ಮಾರಾಯಾ. ನನ್ನ ಚಂದ್ರಿ ಹೊಂಟದ. ಕುಂತಲ್ಲೇ ಕುಂತೀ ಏನು, ಏಳೋ, ಡಾಕ್ಟರಗ ಫೋನ್ ಹಚ್ಚೋ ನನ್ನಪ್ಪಾ.’ ಶರಣೂಗ ಬೈದಂಗ ಬೈದಾಳ. ಆಮ್ಯಾಲ ಜೀವದಾಗ ಜೀವ ಇಲ್ಲ ಆಕೀಗಿ. ‘ಅಳಿಯಂದ್ರಿಗಿ ಕೇಳಿಸ್ತೇನವ್ವಾ, ಏನ್ ತಿಳ್ಕೊಂಡಾರೋ’ ಅಂತ ದಿನಾ ಫೋನ್ ಮಾಡಿ ಒಂದೇ ಸವನೆ ಕೇಳ್ಯಾಳ. ಅದಕ ಕಿವಿ ಇಲ್ಲ, ಕಣ್ಣಷ್ಟೇ ಅಂತ ಆಣಿ ಮಾಡಿ ಹೇಳೀನಿ. ಆಗ ಸಮಾಧಾನ ಆತು. ನಾ ಹೇಳೀನಂತ ಗೊತ್ತು ಮಾಡಬ್ಯಾಡ್ರಿ ಮತ್ತ.”

ಕೊಟ್ಟಿಗೆಯ ಬಾಗಿಲಲ್ಲಿ ಮೈಕು ಹಿಡಿದು ನಿಂತ ನನಗೆ ನಗು ಬಂತು. ಇಷ್ಟು ವರ್ಷ ಆ ಮನೆಯಲ್ಲಿ ನನಗೆ ಸಿಕ್ಕಿದ್ದು ಎತ್ತರದ ಮಣೆ, ಮೊದಲ ತುತ್ತು, ಹೊಸ ಟವೆಲ್ಲು. ಬೈಗುಳ ಶರಣುವಿಗೆ ಸಿಗುತ್ತಿತ್ತು, ಜಗದೇವಿಗೆ ಸಿಗುತ್ತಿತ್ತು, ಚಂದ್ರಿಗೂ ಸಿಗುತ್ತಿತ್ತು. ನನಗೆ ಸಿಕ್ಕಿರಲಿಲ್ಲ. ಸಿಕ್ಕ ಒಂದನ್ನೂ ನಾನು ಕೇಳಿಸಿಕೊಳ್ಳದೆ ಹೋಗಿದ್ದೆ. ಮೈಕನ್ನು ಮತ್ತೆ ಚೀಲದಲ್ಲಿ ಹಾಕಿಕೊಂಡೆ.

ಚಂದ್ರಿ ಈದು ಆಯಿತು, ಇನ್ನು ಕ್ಯಾಮೆರಾ ಬೇಕಿಲ್ಲ, ಬಿಚ್ಚಿಕೊಂಡು ಹೋಗುತ್ತೇನೆಂದು ಹೇಳಿಸಿದೆ. “ಇರಲಂತ ಹೇಳವ್ವಾ, ಕರಾ ಸಣ್ಣದದ” ಎಂದು ಬಾಗಿಲ ಹಿಂದಿನಿಂದ ಉತ್ತರ ಬಂತು. ಹಾಗೇ ಬಿಟ್ಟು ಬಂದೆ.

ಈಗ ಖಣ ಇಳಿಯುವುದು ಕಡಿಮೆಯಾಗಿದೆ. ಮಧ್ಯಾಹ್ನ ಅತ್ತೆ ಕೊಟ್ಟಿಗೆಗೆ ಬಂದು, ಸೆರಗು ಸರಿಮಾಡಿಕೊಂಡು, ಹೊರಸನ್ನು ಕಂಬದ ಹತ್ತಿರ ಎಳೆದುಕೊಂಡು ಕೂಡುತ್ತಾರೆ. ಕರುವಿನ ಬೆನ್ನು ಸವರುತ್ತ ಕ್ಯಾಮೆರಾದ ಕಡೆ ಮುಖ ಮಾಡಿ ಏನೋ ಹೇಳತೊಡಗುತ್ತಾರೆ. ಸೊಸೆಯ ಸುದ್ದಿಯೋ, ತೋಟದ ಸುದ್ದಿಯೋ, ಮಾವನ ನೆನಪೋ, ನನಗೆ ತಿಳಿಯುವುದಿಲ್ಲ. ಒಮ್ಮೊಮ್ಮೆ ಬೆರಳೆತ್ತಿ ಜೋರಾಗಿಯೇ ಮಾತಾಡುತ್ತಾರೆ, ಅದು ಬೈಗುಳವೇ ಇರಬೇಕು. ನಡುವೆ ಮಾತು ನಿಲ್ಲಿಸಿ, ಉತ್ತರ ಕೇಳುವವರಂತೆ ನೆಟ್ಟಗೆ ನನ್ನನ್ನು ನೋಡುತ್ತಾರೆ. ಆಗ ನಾನು ಕೋಟನೂರಿನ ನನ್ನ ಮನೆಯಲ್ಲಿ ಕುರ್ಚಿಯ ಮೇಲೆ ಸರಿಯಾಗಿ ಕೂತು, “ಹೌದ್ರೀ ಅತ್ತಿ” ಅನ್ನುತ್ತೇನೆ. ಅವರು ತಲೆಯಾಡಿಸಿ ಮಾತು ಮುಂದುವರಿಸುತ್ತಾರೆ.